ಚೆಲುವನಿಗೆ ದಾಟಲು ಕಲಿಸಿದ್ದು

ಟೀಚರ್ ಕೆಲಸಕ್ಕೆ ಸೇರಿದವರಿಗೆ ಕಾಲಕ್ರಮೇಣ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ಎದುರಿಗೆ ಸಿಕ್ಕವರಿಗೆಲ್ಲ ಏನಾದರೂ ಕಲಿಸಿಯೇ ತೀರಬೇಕು ಎನ್ನುವ ಕಾಯಿಲೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು, ನನಗೆ ಅದು ತುಸು ಜಾಸ್ತಿಯೇ ಇದೆ. ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆಯಬಾರದೆಂದು ಗಂಡನಿಗೆ ಕಲಿಸಲು ಹೋಗಿ ಸೋತಿದ್ದೇನೆ. ಫೋನಿನಲ್ಲಿ ಮಾತಾಡುವಾಗ ಪಕ್ಕದ ಬೀದಿಗೆ ಕೇಳುವಷ್ಟು ಕೂಗಬೇಕಾಗಿಲ್ಲವೆಂದು ಅತ್ತೆಗೆ ಕಲಿಸಲು ಹೋಗಿ ಬೈಸಿಕೊಂಡಿದ್ದೇನೆ. ಇಷ್ಟಾದರೂ ಬುದ್ಧಿ ಬರಲಿಲ್ಲ ನೋಡಿ, ನಮ್ಮ ನಾಯಿಗೆ ಆಟೋಟ ಕಲಿಸಲು ಹೊರಟೆ.

ನಾಯಿಯ ಹೆಸರು ಚೆಲುವ. ಲ್ಯಾಬ್ರಡಾರ್ ಎಂದು ಹೇಳಿ ಕೊಟ್ಟವರು ನಮ್ಮ ಸ್ಕೂಲಿನ ಡ್ರಾಯಿಂಗ್ ಮೇಷ್ಟರು. ಚೆಲುವ ಎಂದು ಹೆಸರಿಟ್ಟವರು ನಮ್ಮತ್ತೆ. ಅತ್ತೆ ನಂಜನಗೂಡಿನ ಕಡೆ ಬೇಸಾಯದ ಮನೆಯಲ್ಲಿ ಹುಟ್ಟಿ ಬೆಳೆದವರು. ಕೊಟ್ಟಿಗೆಯಲ್ಲಿ ಕಟ್ಟಿದ ಪ್ರಾಣಿಯ ಪಕ್ಕೆಲುಬು ಕಂಡರೆ ಮನೆಯ ಮರ್ಯಾದೆ ಹೋಯಿತು ಎಂದು ತಿಳಿದವರು. ಒಂಟಿಕೊಪ್ಪಲಿನ ನಮ್ಮ ಮನೆಯಲ್ಲಿ ಕೊಟ್ಟಿಗೆ ಇಲ್ಲದ್ದರಿಂದ ಆ ಮರ್ಯಾದೆಯೆಲ್ಲ ಚೆಲುವನೊಬ್ಬನ ಮೇಲೇ ಬಿತ್ತು. ಬೆಳಿಗ್ಗೆ ತುಪ್ಪ ಸವರಿದ ಇಡ್ಲಿ, ಮಧ್ಯಾಹ್ನ ಮುದ್ದೆ, ಸಂಜೆ ಕಾಫಿಯ ಹೊತ್ತಿಗೆ ರಸ್ಕು. ಚೆಲುವನ ಪಕ್ಕೆಲುಬು ಹಾಗಿರಲಿ, ಅವನ ಸೊಂಟ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆಂದು ಹೇಳುವುದೂ ಕಷ್ಟವಾಯಿತು. ವಾಕಿಂಗ್ ಕರೆದುಕೊಂಡು ಹೋದರೆ ತಿರುವಿನ ಬೇಕರಿಯವರೆಗೆ ನನ್ನನ್ನು ಎಳೆದುಕೊಂಡು ಹೋಗುತ್ತಿದ್ದ. ಅಲ್ಲಿ ಕೂತುಬಿಟ್ಟರೆ ಮುಗಿಯಿತು, ಜಪ್ಪಯ್ಯ ಅಂದರೂ ಏಳುತ್ತಿರಲಿಲ್ಲ.

ಒಂದು ದಿನ ಮೆಟ್ಟಿಲು ಹತ್ತುವಾಗ ಕುಂಟಿದ. ಪಶುವೈದ್ಯರು ಅವನ ಹಿಂಗಾಲುಗಳನ್ನು ಒತ್ತಿ ನೋಡಿ, “ತೂಕ ಇಳಿಸದೆ ಹಿಂಗೇ ಬಿಟ್ರೆ ಇವನು ಮುಂದೆ ಎದ್ದು ನಿಲ್ಲೋದೂ ಕಷ್ಟ ಆಗುತ್ತೆ ಮೇಡಂ. ಊಟ ಕಮ್ಮಿ ಮಾಡಿ. ಮೈ ಬಗ್ಗೋ ಹಂಗೆ ಆಟ ಆಡ್ಸಿ,” ಎಂದರು. ವಾಪಸು ಬರುವಾಗ ಆಟೋದಲ್ಲಿ ಚೆಲುವ ನನ್ನ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋದ. ನನಗೆ ಅಳು ಬಂತು. ಡ್ರೈವರ್ ಕನ್ನಡಿಯಲ್ಲಿ ನೋಡುತ್ತಿದ್ದಾನೆಂದು ಕಣ್ಣಿಗೆ ಧೂಳು ಬಿದ್ದವಳಂತೆ ಸೆರಗು ಒತ್ತಿಕೊಂಡೆ.

ಬೋಗಾದಿಯಲ್ಲಿ ನವೀನ್ ಎಂಬ ಹುಡುಗ ಭಾನುವಾರಗಳಂದು ನಾಯಿಗಳಿಗೆ ಆಟ ಕಲಿಸುತ್ತಾನೆಂದು ಯಾರೋ ಹೇಳಿದರು. ಹೋಗಿ ನೋಡಿದರೆ, ಕಟ್ಟುತ್ತಿರುವ ಎರಡು ಮನೆಗಳ ನಡುವಿನ ಖಾಲಿ ಸೈಟು. ಅದರೊಳಗೆ ನೀರಿನ ಪೈಪು ಜೋಡಿಸಿ ಮಾಡಿದ ಅಡ್ಡಗೋಲುಗಳು, ಮಕ್ಕಳು ನುಸುಳಿ ಆಡುವಂಥ ಬಟ್ಟೆಯ ಸುರಂಗ, ಸಾಲಾಗಿ ನೆಟ್ಟ ಕೋಲುಗಳು. ನಾಯಿ ಅಡ್ಡಗೋಲು ಹಾರಬೇಕು, ಸುರಂಗ ನುಗ್ಗಬೇಕು, ಕೋಲುಗಳ ನಡುವೆ ಅಂಕುಡೊಂಕಾಗಿ ಓಡಬೇಕು. ಒಡೆಯರು ಪಕ್ಕದಲ್ಲೇ ಓಡುತ್ತ ದಾರಿ ತೋರಿಸಬೇಕು. ಒಡೆಯರೂ ಓಡಬೇಕು ಎನ್ನುವ ಮಾತನ್ನು ನವೀನ್ ನನಗೆ ಫೋನಿನಲ್ಲಿ ಹೇಳಿರಲಿಲ್ಲ.

ಚೆಲುವನಿಗೆಂದು ನವೀನ್ ಅಡ್ಡಗೋಲನ್ನು ಗೇಣೆತ್ತರಕ್ಕೆ ಇಳಿಸಿದ. ಅಷ್ಟು ಮಾತ್ರ ಹಾರಿದರೆ ಕಾಲಿಗೆ ಒಳ್ಳೆಯದೇ ಎಂದು ಡಾಕ್ಟರೂ ಒಪ್ಪಿದ್ದರು. ಸುರಂಗದೊಳಗೆ ಚೆಲುವ ಸಂತೋಷದಿಂದಲೇ ಹೋದ. ಒಳಗೆ ತಂಪಾಗಿತ್ತೆಂದು ಕಾಣುತ್ತದೆ, ಅಲ್ಲೇ ಮಲಗಿದ. ಕಾಲು ಹಿಡಿದು ಎಳೆದುಕೊಂಡು ಬಂದು ಅಡ್ಡಗೋಲಿನ ಮುಂದೆ ನಿಲ್ಲಿಸಿದೆವು. ಅದನ್ನು ಒಮ್ಮೆ ನೋಡಿದ, ನನ್ನನ್ನು ಒಮ್ಮೆ ನೋಡಿದ, ಆಮೇಲೆ ತುಂಬಿದ ಸಭೆಯಲ್ಲಿ ಹಿರಿಯರ ಮುಂದೆ ಹಾಯದೆ ಹಿಂದಿನಿಂದ ಹೋಗುವವರ ಹಾಗೆ, ಗೌರವದಿಂದ ಪಕ್ಕದಲ್ಲಿ ಬಳಸಿಕೊಂಡು ಆ ಕಡೆ ಹೋಗಿ ಕೂತ. ಬಿಸ್ಕತ್ತು ತೋರಿಸಿದರೆ ಇನ್ನೂ ಬೇಗ ಬಳಸಿಕೊಂಡು ಬಂದ. “ಮೇಡಂ, ನೀವೇ ಒಂದ್ಸಲ ಎಗರಿ ತೋರ್ಸಿ, ನೋಡಿ ಕಲೀತಾನೆ,” ಎಂದ ನವೀನ್. ಚೂಡಿದಾರದ ದುಪಟ್ಟಾ ಸೊಂಟಕ್ಕೆ ಕಟ್ಟಿ ನಾನು ಎಗರಿದೆ. ಪಕ್ಕದ ಕಟ್ಟಡದ ಸಾರುವೆಯ ಮೇಲಿದ್ದ ಗಾರೆ ಕೆಲಸದವರು ಕರಣೆ ಕೆಳಗಿಟ್ಟು ನೋಡಿದರು. ಚೆಲುವನೂ ನೋಡಿದ. ಆಮೇಲೆ ಬಳಸಿಕೊಂಡು ಬಂದು ನನ್ನ ಕೈ ನೆಕ್ಕಿದ. ಹೀಗೆ ಕೆಲವು ಭಾನುವಾರ ಕಳೆಯುವಷ್ಟರಲ್ಲಿ ನಾನು ಮಾತ್ರ ಚೆನ್ನಾಗಿ ಎಗರುವುದನ್ನು ಕಲಿತೆ.

ಕಾರಣ ತಿಳಿದದ್ದು ಮನೆಯಲ್ಲಿ. ನಮ್ಮ ಯಜಮಾನರು ಹೆಬ್ಬಾಳದ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಹಾಲಿನಲ್ಲಿ ಚಾಪೆ ಹಾಸಿ ಅಡ್ಡಡ್ಡ ಮಲಗಿದ್ದರು. ಬಾಗಿಲಿನ ಹತ್ತಿರವಿದ್ದ ಚೆಲುವನಿಗೆ ಒಳಗಿನ ನೀರಿನ ತಟ್ಟೆ ಬೇಕಾಗಿತ್ತು. ಅವನು ಅವರನ್ನು ದಾಟಲಿಲ್ಲ. ಹೊರಗೆ ಹೋಗಿ, ಮನೆ ಸುತ್ತಿ, ಹಿತ್ತಲ ಬಾಗಿಲಿನಿಂದ ಒಳಗೆ ಬಂದ. ಅಲ್ಲೇ ಕೂತು ಅವರೇಕಾಯಿ ಬಿಡಿಸುತ್ತಿದ್ದ ಅತ್ತೆಯ ಮುಖ ಅರಳಿತು.

“ನೋಡ್ದಾ? ಮರಿ ಇದ್ದಾಗ್ಲಿಂದ ಹೇಳ್ಕೊಟ್ಟಿವ್ನಿ. ರಂಗೋಲಿ ದಾಟ್ಬ್ಯಾಡ, ಒಣಾಕಿರೋ ಸಂಡಿಗೆ ದಾಟ್ಬ್ಯಾಡ, ಮನಗಿರೋರ್‍ನ ದಾಟ್ಬ್ಯಾಡ ಅಂತ. ನಿನ್ ಗಂಡ್ನೂ ಇಷ್ಟು ಬೇಗ ಕಲೀನಿಲ್ಲ ಕಣಮ್ಮ.”

ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಭಾನುವಾರಗಳಂದು ನಾನು ಹೋರಾಡುತ್ತಿದ್ದದ್ದು ನಾಯಿಯ ಸೋಮಾರಿತನದ ವಿರುದ್ಧವಲ್ಲ, ಅತ್ತೆಯ ಶಿಕ್ಷಣದ ವಿರುದ್ಧ. ಕಾಯಿಲೆ ಕೆರಳಿತು. ಮಲಗಿದವರನ್ನು ದಾಟಿದರೆ ಅವರು ಬೆಳೆಯುವುದಿಲ್ಲ ಎನ್ನುವುದಕ್ಕೆ ಯಾವ ಆಧಾರವೂ ಇಲ್ಲ, ಮೂಳೆ ಬೆಳೆಯುವುದು ಹೇಗೆ, ಹಾರ್ಮೋನು ಎಂದರೇನು ಎಂದು ಒಂದು ಪೀರಿಯಡ್ಡಿನಷ್ಟು ಪಾಠ ಮಾಡಿದೆ. ಅತ್ತೆ ಅವರೇಕಾಯಿ ಬಿಡಿಸುತ್ತಲೇ ಕೇಳಿಸಿಕೊಂಡರು.

“ಎಲ್ಲಾ ಸರಿ ಕಣಮ್ಮ. ಇಲ್ಲಿ ದಾಟ್ಬ್ಯಾಡ, ಅಲ್ಲಿ ದಾಟು ಅಂದ್ರೆ ಆ ಮೂಕ ಪ್ರಾಣಿಗೆ ಎಂಗೆ ಗೊತ್ತಾಯ್ತದೆ?”

ನಾನು ಪಾಠ ಅಲ್ಲಿಗೇ ನಿಲ್ಲಿಸಿದೆ. “ಅತ್ತೆ, ಅವನು ಆಟ ಆಡ್ದೇ ಹೋದ್ರೆ ಹಿಂಗಾಲು ನಿಲ್ಲಲ್ವಂತೆ. ಡಾಕ್ಟ್ರು ಹೇಳಿದಾರೆ,” ಎಂದಷ್ಟೇ ಹೇಳಿದೆ. ಅವರಿಗೆ ಬೇಜಾರಾದೀತೆಂದು ಈ ಮಾತನ್ನು ಅದುವರೆಗೆ ಮುಚ್ಚಿಟ್ಟಿದ್ದೆ. ಅತ್ತೆಯ ಕೈ ನಿಂತಿತು. ಚೆಲುವನನ್ನು ಹತ್ತಿರ ಕರೆದು ಹಿಂಗಾಲು ಸವರಿದರು. ಆ ಸಂಜೆ ರಸ್ಕು ತಾವೊಬ್ಬರೇ ತಿಂದರು. ಮುಂದಿನ ಭಾನುವಾರ ನಾನು ಹೊರಡುವಷ್ಟರಲ್ಲಿ ಒಳ್ಳೆಯ ಸೀರೆಯುಟ್ಟು ಗೇಟಿನ ಹತ್ತಿರ ನಿಂತಿದ್ದರು. “ನಡಿ, ನಾನೂ ಬತ್ತೀನಿ.”

ಬೋಗಾದಿಯ ಸೈಟಿನಲ್ಲಿ ಅತ್ತೆ ಅಡ್ಡಗೋಲನ್ನು ಬೆರಳಿನಿಂದ ತಟ್ಟಿ ಪರೀಕ್ಷೆ ಮಾಡಿದರು. ಮನುಷ್ಯರಲ್ಲ, ರಂಗೋಲಿಯಲ್ಲ, ತಿನ್ನುವ ಪದಾರ್ಥವೂ ಅಲ್ಲ ಎಂದು ಖಾತ್ರಿ ಮಾಡಿಕೊಂಡರು. ಆ ಕಡೆ ಹೋಗಿ ನಿಂತು, “ದಾಟ್ಬಾ ಮಗ, ಪರ್ವಾಗಿಲ್ಲ,” ಎಂದರು. ಚೆಲುವ ನಂಬಲಿಲ್ಲ. ತಲೆ ಓರೆ ಮಾಡಿ ಅವರನ್ನೇ ನೋಡಿದ. “ನಾನೇ ಹೇಳ್ತಾ ಇವ್ನಿ ಕಣೋ, ಬಾ.” ಚೆಲುವ ಹಾರಿದ. ಹೊಟ್ಟೆ ಪೈಪಿಗೆ ಸವರಿಕೊಂಡು ಹೋಯಿತು, ಆದರೂ ಹಾರಿದ. ಸಾರುವೆಯ ಮೇಲಿನವರು ಶಿಳ್ಳೆ ಹಾಕಿದರು, ನಾನು ಕುಣಿದೆ. ಅಷ್ಟರಲ್ಲಿ ಅತ್ತೆ ಶಾಂತವಾಗಿ, “ಹೂಂ, ಈಗ ತಿರುಗಿ ದಾಟು,” ಎಂದರು.

ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಪರಿಹಾರವದು. ಯಾರನ್ನಾದರೂ ತಪ್ಪಿ ದಾಟಿದರೆ ಬಂದ ದಾರಿಯಲ್ಲೇ ತಿರುಗಿ ದಾಟಬೇಕು, ದೋಷ ಅಲ್ಲಿಗೆ ಚುಕ್ತಾ. ಅಡ್ಡಗೋಲಿಗೂ ದೋಷ ತಟ್ಟದಿರಲಿ ಎಂದು ಅತ್ತೆಯ ಮುಂಜಾಗ್ರತೆ. ಚೆಲುವ ತಿರುಗಿ ಹಾರಿದ. ಎರಡನೆಯ ಅಡ್ಡಗೋಲು ಹಾರಿದ, ತಿರುಗಿ ಹಾರಿದ. ನವೀನ್ ಕೈ ಮುಗಿದ. “ಅಜ್ಜಿ, ಉಲ್ಟಾ ಹಾರಿದ್ರೆ ಆಟದಿಂದ ಔಟು ಅಜ್ಜಿ!” “ಔಟಾಗ್ಲಿ ಬುಡಪ್ಪ, ಕಾಲು ನೆಟ್ಟಗಾದ್ರೆ ಸಾಕು.”

ನವೀನ್ ತನ್ನ ಶಿಷ್ಯರಿಗೆಲ್ಲ ಒಂದು ಸಣ್ಣ ಪಂದ್ಯವಿಟ್ಟಾಗ ಚೆಲುವ ಮೊದಲ ಅಡ್ಡಗೋಲಿನಲ್ಲೇ ಔಟಾದ. ಔಟಾದ ಮೇಲೂ ನಿಲ್ಲದೆ, ಎಲ್ಲವನ್ನೂ ಹೋಗಿ ಬಂದು ಹೋಗಿ ಬಂದು ದಾಟಿ, ಏದುಸಿರು ಬಿಡುತ್ತ ಅತ್ತೆಯ ಕಾಲ ಬಳಿ ಕೂತ. ಒಂದಕ್ಕೆರಡು ವ್ಯಾಯಾಮವಾದದ್ದರಿಂದಲೋ ಏನೋ, ತೂಕ ಬೇಗ ಇಳಿಯಿತು. ಡಾಕ್ಟರು ಹಿಂಗಾಲು ಒತ್ತಿ ನೋಡಿ ಬೆನ್ನು ತಟ್ಟಿದರು, ಚೆಲುವನದಲ್ಲ, ನನ್ನದು. ನಾನು ಸಂಕೋಚವಿಲ್ಲದೆ ತಟ್ಟಿಸಿಕೊಂಡೆ. ನಾಯಿಗೆ ಅಂಟಿದ ಮೂಢನಂಬಿಕೆಯನ್ನು ನಾನು ಹೇಗೆ ಬಿಡಿಸಿದೆ ಎಂದು ಸ್ಟಾಫ್ ರೂಮಿನಲ್ಲೂ ವರ್ಣಿಸಿದೆ.

ಮೊನ್ನೆ ರಜೆಯ ದಿನ. ಊಟ ಮಾಡಿ ಹಾಲಿನಲ್ಲಿ ಚಾಪೆಯ ಮೇಲೆ ಹಾಗೇ ಒರಗಿದ್ದೆ. ಬೀದಿಯಲ್ಲಿ ಸೌತೆಕಾಯಿಯವನು ಕೂಗಿದ. ಅವನು ದಿನವೂ ಕೊಡುವ ತುಂಡಿನ ಆಸೆಗೆ ಚೆಲುವ ಒಳಗಿನಿಂದ ಓಡಿ ಬಂದು, ಸುತ್ತಿ ಬರುವ ತಾಳ್ಮೆಯಿಲ್ಲದೆ, ನನ್ನನ್ನು ದಾಟಿಕೊಂಡು ಗೇಟಿಗೆ ಹೋದ. ಅತ್ತೆ ಮಹಡಿಯ ಮೇಲಿದ್ದರು, ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ನನ್ನ ಎತ್ತರ ಹೆಚ್ಚುವ ಕಾಲ ಮುಗಿದು ಎಷ್ಟೋ ವರ್ಷವಾಯಿತು. ಮೂಳೆ, ಹಾರ್ಮೋನು ಎಲ್ಲವೂ ನೆನಪಿನಲ್ಲಿದ್ದವು. ಆದರೂ ಎದ್ದರೆ ಲೆಕ್ಕ ತಪ್ಪೀತೆಂದು ಮಲಗಿದ ಕಡೆಯೇ ಅಲ್ಲಾಡದೆ, ಮಹಡಿಗೆ ಕೇಳದಷ್ಟು ಮೆಲ್ಲಗೆ, “ಲೋ ಚೆಲುವ, ಬಾರೋ, ತಿರುಗಿ ದಾಟೋ,” ಎಂದು ಕರೆದೆ. ಸೌತೆಕಾಯಿ ಮುಗಿಯುವವರೆಗೆ ಅವನು ಬರಲಿಲ್ಲ. ಅಲ್ಲಿಯವರೆಗೆ ನಾನೂ ಏಳಲಿಲ್ಲ.