ಮೊಮ್ಮಗನ ದನಿಗೆ ಎರಡು ತೊಟ್ಟು ತೆಂಗಿನೆಣ್ಣೆ

ಮೆಷಿನ್‌ಗಳ ವಿಷಯದಲ್ಲಿ ನನಗೆ ಹೆದರಿಕೆ ಎಂಬುದೇ ಇರಲಿಲ್ಲ. ಓದಿದ್ದು ಮೂರನೇ ಕ್ಲಾಸು, ನಿಜ. ಆದರೆ ಮೂವತ್ತು ವರ್ಷ ಹೊಲಿಗೆ ಮೆಷಿನ್ ತುಳಿದವಳು ನಾನು. ಮೆಷಿನ್ ಕಿರುಗುಟ್ಟಿದರೆ ಎರಡು ತೊಟ್ಟು ತೆಂಗಿನೆಣ್ಣೆ. ಬಾಗಿಲು ಕಿರುಗುಟ್ಟಿದರೆ ಎರಡು ತೊಟ್ಟು. ನಮ್ಮವರ ಮೊಣಕಾಲು ಕಿರುಗುಟ್ಟಿದರೆ ಅಳೆದು ಅರ್ಧ ಕುಡ್ತೆ. ಈ ಎಣ್ಣೆಗೆ ನಿಲ್ಲದ ಸದ್ದು ಲೋಕದಲ್ಲೇ ಇಲ್ಲ ಎಂದು ನಂಬಿದ್ದೆ.

ಹೀಗಿರುವಾಗ ಗಲ್ಫಿನಲ್ಲಿರುವ ಮಗಳು ಶಶಿಕಲಾ ಒಂದು ಟೇಪ್ ರೆಕಾರ್ಡರ್ ಕಳಿಸಿದಳು. ಅಳಿಯನ ಸ್ನೇಹಿತರೊಬ್ಬರು ಬಜಪೆಯಲ್ಲಿ ವಿಮಾನ ಇಳಿದವರು ನೇರ ಕಂಕನಾಡಿಯ ನಮ್ಮ ಮನೆಗೆ ತಂದು ಕೊಟ್ಟರು. ರೇಡಿಯೋವೂ ಅದರಲ್ಲೇ, ಕ್ಯಾಸೆಟ್ಟೂ ಅದರಲ್ಲೇ, ಕಿವಿಗೆ ಸಿಕ್ಕಿಸುವ ಹೆಡ್‌ಫೋನ್ ಬೇರೆ! ಜೊತೆಗೆ ಒಂದು ಕಾಗದ, ಒಂದು ಕ್ಯಾಸೆಟ್. ಆ ಕ್ಯಾಸೆಟ್ಟಿನಲ್ಲಿ ನನ್ನ ಮೊಮ್ಮಗ ಪ್ರೀತಮನ ದನಿ ಉಂಟು ಎಂದರು ಅವರು! ಅಲ್ಲೇ ಹುಟ್ಟಿದ ಮಗು. ಎರಡೂವರೆ ವರ್ಷವಾದರೂ ನಾನು ನೋಡಿದ್ದು ಫೋಟೋದಲ್ಲಿ ಮಾತ್ರ. ದನಿ ಹೇಗಿದೆಯೆಂದೇ ಗೊತ್ತಿರಲಿಲ್ಲ. ಕ್ಯಾಸೆಟ್ಟನ್ನು ಎದೆಗೆ ಒತ್ತಿಕೊಂಡು ಅಂಗಳದಲ್ಲಿ ಎರಡು ಸುತ್ತು ಬಂದೆ.

ನಮ್ಮವರು ಕಾಗದ ಬಿಡಿಸತೊಡಗಿದರು. ಮಗಳ ಓರೆ ಅಕ್ಷರ ಓದಿ ಮುಗಿಸಲು ಅವರಿಗೆ ಒಂದು ಗಂಟೆ ಬೇಕು.

"ದನಿಯೇ ಬಂದಿದೆ, ಇನ್ನು ಕಾಗದ ಎಂತಕ್ಕೆ? ಬದಿಗಿಡಿ" ಎಂದೆ.

ಕ್ಯಾಸೆಟ್ ಹಾಕಿದೆ. ಗುಂಯ್ಯ್ಯ್! ಅದರ ಹಿಂದೆ ಎಲ್ಲೋ ದೂರದಲ್ಲಿ ಮಗಳು "ಅಮ್ಮಾ" ಎಂದಳು. ಮತ್ತೆ ಗುಂಯ್ಯ್ಯ್! ತಟ್ಟನೆ ನಿಲ್ಲಿಸಿದೆ. ಮೊಮ್ಮಗನ ಮೊದಲ ಮಾತನ್ನು ಹಿಟ್ಟಿನ ಗಿರಣಿಯಲ್ಲಿ ನಿಂತು ಕೇಳಿದ ಹಾಗೆ ಕೇಳುವುದೇ? ಮೊದಲು ಈ ಸದ್ದನ್ನು ಓಡಿಸಬೇಕು. ಆದಿತ್ಯವಾರ ಸಂಜೆ ನಾಲ್ಕಕ್ಕೆ ಓಣಿಯವರನ್ನೆಲ್ಲ ಕರೆದು, ಗೋಳಿಬಜೆ ಕರಿದು ಕೊಟ್ಟು, ಸಭಾಮರ್ಯಾದೆಯಿಂದ ಕೇಳಬೇಕು ಎಂದು ತೀರ್ಮಾನಿಸಿದೆ. ಕರೆದೂ ಬಿಟ್ಟೆ. ಆಮೇಲೆ ರಿಪೇರಿಗೆ ಕೂತೆ!

ಫ್ಯಾನ್ ನಿಲ್ಲಿಸಿದೆ. ಗುಂಯ್. ಕರೆಂಟಿನ ವಯರ್ ಕಿತ್ತು ಬ್ಯಾಟರಿ ಸೆಲ್ ಹಾಕಿದೆ. ಗುಂಯ್. ಹೆಡ್‌ಫೋನ್ ಸಿಕ್ಕಿಸಿಕೊಂಡೆ. ಗುಂಯ್ ಈಗ ತಲೆಯೊಳಗೇ ಬಂತು! ಆಗ ಪಕ್ಕದ ಮನೆಯ ಸಿಸಿಲಿಯಾ ಟೀಚರ ಮಿಕ್ಸಿಯ ಮೇಲೆ ನನಗೆ ಸಂಶಯ ಹುಟ್ಟಿತು. ನಮ್ಮವರ ಕಿವಿಯಲ್ಲಿ ಮೆಲ್ಲಗೆ, "ಎಲ್ಲ ಆ ಟೀಚರ ದರಿದ್ರ ಮಿಕ್ಸಿಯದ್ದೇ ಕೆಲಸ" ಎಂದೆ. ಮೆಲ್ಲಗೆ ಎಂದು ನಾನು ತಿಳಿದುಕೊಂಡಿದ್ದೆ. ಕಿವಿ ಮುಚ್ಚಿದವರ ಪಿಸುಮಾತು ಎಷ್ಟು ದೂರ ಹೋಗುತ್ತದೆ ಎಂಬುದು, ಟೀಚರು ಸೌಟು ಹಿಡಿದು ಬೇಲಿಯ ಹತ್ತಿರ ಬಂದು ನಿಂತಾಗ ಗೊತ್ತಾಯಿತು.

"ಸುಶೀಲಕ್ಕ, ಆ ದರಿದ್ರ ಮಿಕ್ಸಿ ಕೆಟ್ಟು ಒಂದು ವಾರ ಆಯ್ತು ಮಾರಾಯ್ರೆ. ನಾನು ಈಗ ಕಲ್ಲಿನಲ್ಲಿ ಕಡೆಯುವುದು."

ನಾಚಿಕೆಯಾಯಿತು. ಆದರೆ ಛಲ ಹೋಗಲಿಲ್ಲ. ಆದಿತ್ಯವಾರ ಮಧ್ಯಾಹ್ನ ನನ್ನ ಬುದ್ಧಿ ಮಿಂಚಿತು. ರೇಡಿಯೋ ಹಾಕಿದರೆ ಗುಂಯ್ ಇಲ್ಲ. ಕ್ಯಾಸೆಟ್ ತಿರುಗಿದರೆ ಮಾತ್ರ ಗುಂಯ್. ಅಂದ ಮೇಲೆ ದೋಷ ಇರುವುದು ತಿರುಗುವ ಚಕ್ರದಲ್ಲಿ! ಎಣ್ಣೆಯ ಬಾಟಲಿ ತಂದೆ.

"ಬೇಡ ಮಾರಾಯ್ತಿ, ಅದು ಗಲ್ಫಿನ ಮೆಷಿನ್. ಅದಕ್ಕೆ ಊರಿನ ಎಣ್ಣೆ ಆಗ್ತದಾ?" ಎಂದರು ನಮ್ಮವರು.

"ನಿಮ್ಮ ಮೊಣಕಾಲಿಗೆ ಆಗ್ತದೆ. ಇದಕ್ಕೆ ಆಗುದಿಲ್ವಾ?"

ಎರಡು ತೊಟ್ಟು ಬಿಟ್ಟೆ. ಸಾಲದು ಅನಿಸಿತು. ಮತ್ತೆರಡು. ದೂರದಿಂದ ಬಂದ ಮೆಷಿನ್, ದಣಿದಿರಬಹುದೆಂದು ಇನ್ನೆರಡು. ಬಾಟಲಿಯನ್ನು ಪಕ್ಕದಲ್ಲಿ ಬಿದ್ದಿದ್ದ ಕಾಗದದ ಮೇಲಿಟ್ಟೆ. ಕೂಡಲೇ ಹಾಕಿ ನೋಡಲಿಲ್ಲ. ಎಣ್ಣೆ ಎಂದ ಮೇಲೆ ಒಂದು ಗಂಟೆ ನೆನೆಯಬೇಕಲ್ಲ!

ನಾಲ್ಕಕ್ಕೆ ಜಗಲಿ ತುಂಬಿತು. ಟೀಚರು ದೊಡ್ಡ ಮನಸ್ಸು ಮಾಡಿ ಬಂದಿದ್ದರು. ಓಣಿಯ ತುದಿಯಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟ ಇಬ್ರಾಹಿಂನೂ ಬಂದಿದ್ದ. "ನಿನ್ನ ಕೆಲಸ ನಾನೇ ಮಾಡಿದ್ದೇನೆ, ನೋಡು" ಎಂದು ಅವನಿಗೆ ದೊಡ್ಡ ಗೋಳಿಬಜೆಯನ್ನೇ ಕೊಟ್ಟೆ. ಗುಂಡಿ ಒತ್ತಿದೆ.

"ಅ... ಮ್... ಮಾ... ಆ... ಆ..."

ಯಕ್ಷಗಾನದ ಮಹಿಷಾಸುರ ರಂಗಕ್ಕೆ ಬಂದ ಹಾಗೆ! ಒಂದು ಮಗು ಹೆದರಿ ಅಳತೊಡಗಿತು.

"ಅಳಿಯನ ಸ್ವರ ಇಷ್ಟು ದಪ್ಪ ಉಂಟಾ?" ಎಂದರು ನಮ್ಮವರು.

"ಅದು ಅಳಿಯ ಅಲ್ಲ! ನಿಮ್ಮ ಮಗಳು!"

ಅಷ್ಟರಲ್ಲಿ ಮಹಿಷಾಸುರನಿಗೂ ಉಸಿರು ಕಟ್ಟಿತು. ಮುಚ್ಚಳ ತೆರೆದರೆ ಟೇಪು ಶ್ಯಾವಿಗೆಯ ಹಾಗೆ ಹೊರಗೆ ಬಂತು. ಅದು ಬರೀ ಟೇಪಲ್ಲ, ನನ್ನ ಮಗುವಿನ ದನಿ! ಅದನ್ನು ನಾನೇ ಎಣ್ಣೆಯಲ್ಲಿ ಅದ್ದಿ ಕೊಂದೆ! ಸೀತೆಗೆ ಬಾಯಿ ಬಿಟ್ಟ ಭೂಮಿ ನನಗೆ ಬಿಡುತ್ತದೆಯೇ? ನಮ್ಮದು ಸಿಮೆಂಟಿನ ನೆಲ ಬೇರೆ. ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತೆ.

ಇಬ್ರಾಹಿಂ ಮೆಷಿನ್ ಬಿಚ್ಚಿ ಮೂಸಿದ. "ಎಂತ ಅಮ್ಮ ಇದು? ಟೇಪ್ ರೆಕಾರ್ಡರಾ, ಗೋಳಿಬಜೆ ಕಾಯಿಸುವ ಬಾಣಲೆಯಾ?"

ಅಂಗಡಿಯಿಂದ ಸ್ಪಿರಿಟ್ಟು ತಂದ. ಚಕ್ರಗಳನ್ನು ಒರೆಸಿದ. ಪೆನ್ಸಿಲ್ ತೂರಿಸಿ ಟೇಪನ್ನು ಮೆಲ್ಲಗೆ ಒಳಗೆ ಸುತ್ತಿದ. ನಾನು ಕಟೀಲಿನ ಅಮ್ಮನಿಗೆ ಹೂವಿನ ಪೂಜೆ ಹೇಳಿಕೊಂಡೆ. ಗುಂಡಿ ಒತ್ತಿದ. ಮಗಳ ದನಿ ಮಗಳದ್ದೇ ಆಗಿ ಬಂತು. ಹಿಂದೆ ಗುಂಯ್ಯ್ಯ್ ಕೂಡ ಬಂತು!

"ನೋಡಿದಿರಾ! ಹಾಳಾದದ್ದು ನನ್ನಿಂದ ಅಲ್ಲ, ಮೊದಲೇ ಹಾಳಾಗಿತ್ತು!" ಎಂದು ಕಣ್ಣು ಒರೆಸಿಕೊಂಡು ಕೂಗಿದೆ.

"ನಿಲ್ಲಿಸು ಇಬ್ರಾಹಿಂ. ಸುಶೀಲಕ್ಕ, ಮಗಳು ಕಾಗದ ಬರೆಯಲಿಲ್ವಾ?" ಎಂದರು ಟೀಚರು.

ಕಾಗದ ಎಣ್ಣೆ ಬಾಟಲಿಯ ಅಡಿಯಲ್ಲಿತ್ತು. ನಡುವೆ ದೋಸೆಯಷ್ಟು ದುಂಡಗಿನ ಕಲೆ. ಟೀಚರು ಅದನ್ನು ಬೆಳಕಿಗೆ ಹಿಡಿದು ಗಟ್ಟಿಯಾಗಿ ಓದಿದರು: "ಅಮ್ಮಾ, ಹಿಂದಿನಿಂದ ಗುಂಯ್ ಎಂದು ಕೇಳುವುದು ನಮ್ಮ ಕೋಣೆ ತಂಪು ಮಾಡುವ ಏಸಿ ಮೆಷಿನ್. ಇಲ್ಲಿಯ ಸೆಖೆಗೆ ಅದನ್ನು ನಿಲ್ಲಿಸಿದರೆ ಮಗು ಅಳುತ್ತದೆ. ಟೇಪ್ ರೆಕಾರ್ಡರ್ ಸರಿ ಉಂಟು. ಹೆದರಬೇಡಿ."

ಜಗಲಿಯಲ್ಲಿದ್ದವರೆಲ್ಲ ಗೋಳಿಬಜೆ ಅಗಿಯುವುದನ್ನೇ ನಿಲ್ಲಿಸಿದರು. ಸಮುದ್ರದಾಚೆಯ ಏಸಿಯ ಸದ್ದು ನಿಲ್ಲಿಸಲು ನಾನು ಕಂಕನಾಡಿಯಲ್ಲಿ ಎಣ್ಣೆ ಬಿಟ್ಟಿದ್ದೆ! ಇಬ್ರಾಹಿಂ ಪುಣ್ಯಾತ್ಮ, ನನ್ನ ಮುಖ ನೋಡದೆ ಮತ್ತೆ ಗುಂಡಿ ಒತ್ತಿದ.

ಮಗಳು ಮಗುವಿಗೆ ಹೇಳುತ್ತಿದ್ದಳು, ಊರಿಗೆ ಹೋದರೆ ಅಜ್ಜಿ ತಲೆಗೆ ಎಣ್ಣೆ ಹಾಕಿ ಮೀಯಿಸುತ್ತಾರೆ ಎಂದು. ಅಜ್ಜಿಗೆ ನೀನು ಎಂತ ಹೇಳ್ತಿ ಎಂದು ಕೇಳಿದಳು. ಸ್ವಲ್ಪ ಹೊತ್ತು ಬರೀ ಗುಂಯ್ಯ್ಯ್. ಆಮೇಲೆ ಗುಬ್ಬಿಯಂಥ ಒಂದು ದನಿ, ಚೊಕ್ಕ ತುಳುವಿನಲ್ಲಿ:

"ಅಜ್ಜೀ, ಎಣ್ಣೆ ಬೊಡ್ಚಿ!"

"ಎಣ್ಣೆ ಬೇಡವಂತೆ, ಅಜ್ಜಿಗೆ ಹೇಳಿ!" ಎಂದು ನಮ್ಮವರು ಬಿದ್ದು ಬಿದ್ದು ನಕ್ಕರು. ಜಗಲಿಯೇ ನಕ್ಕಿತು. ನಾಚಿಕೆಯಿಂದ ತಲೆ ಎತ್ತಲಾಗದೆ ನಾನೂ ನಕ್ಕೆ, ಅತ್ತೆ, ಇನ್ನೊಮ್ಮೆ ಹಾಕಲು ಹೇಳಿದೆ.

ಈಗ ದಿನಕ್ಕೆ ನಾಲ್ಕು ಸಲ ಕೇಳುತ್ತೇನೆ. ಆ ಗುಂಯ್ ಇಲ್ಲದಿದ್ದರೆ ನನಗೆ ರುಚಿಸುವುದೇ ಇಲ್ಲ. ನಮ್ಮವರು ಮಾತ್ರ ಪ್ರತಿ ಸಲವೂ ಮೆಷಿನ್ ಕೊಡುವ ಮೊದಲು ನನ್ನ ಎರಡೂ ಕೈಗಳನ್ನು ಮೂಸಿ ನೋಡುತ್ತಾರೆ.