ಯಜಮಾನರ ಹೆಬ್ಬೆರಳ ವಿಷಯವಾಗಿ ಕರೆಂಟ್ ಗರಗಸದವರಿಗೆ ಅರಿಕೆ

ರಾಜಾಜಿನಗರ, ಬೆಂಗಳೂರು
ವಿಜಯದಶಮಿ ಕಳೆದ ವಾರ, ೧೯೫೬

ನಮ್ಮ ನಡುಮನೆಯಲ್ಲಿ, ಅಕ್ಕಿ ಡಬ್ಬದ ಪಕ್ಕದ ಮಣೆಯ ಮೇಲೆ ಬಿಜಯಂಗೈದಿರುವ ಶ್ರೀ ಕರೆಂಟ್ ಗರಗಸದವರ ಸನ್ನಿಧಿಗೆ,

ಮಾನ್ಯರೇ,

ಈ ಮನೆಯ ಗೃಹಿಣಿಯಾದ ವಿಮಲಮ್ಮ ಮಾಡುವ ಅನಂತ ನಮಸ್ಕಾರಗಳು. ತಾವು ಕ್ಷೇಮವಾಗಿರುವುದನ್ನು ಇವತ್ತು ಬೆಳಿಗ್ಗೆ ತಾನೇ ಕಣ್ಣಾರೆ ಕಂಡೆ. ತಮ್ಮ ಒಂದು ಹಲ್ಲೂ ಮುಕ್ಕಾಗಿಲ್ಲ, ಸಂತೋಷ. ನಮ್ಮ ಕಡೆಯ ಕ್ಷೇಮದ ವಿಚಾರವನ್ನು ನಿಧಾನವಾಗಿ ಅರಿಕೆ ಮಾಡಿಕೊಳ್ಳುತ್ತೇನೆ.

ಒಂದೇ ಸೂರಿನಡಿ ಇದ್ದುಕೊಂಡು ಪತ್ರ ಬರೆಯುವುದು ವಿಚಿತ್ರವೇ ಸರಿ. ಆದರೆ ತಾವು ಬಾಯಿ ತೆರೆದಾಗ ಮಿಕ್ಕ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ, ತಾವು ಸುಮ್ಮನಿರುವಾಗ ನಮ್ಮ ಯಜಮಾನರು ತಮ್ಮ ಗುಣಗಾನ ಮಾಡುತ್ತಿರುತ್ತಾರೆ. ಹಾಗಾಗಿ ಬೇರೆ ದಾರಿ ಕಾಣದೆ ಈ ಕಾಗದವನ್ನು ಬರೆದು ನಮ್ಮ ಗೇಟಿಗೆ ಅಂಟಿಸುತ್ತಿದ್ದೇನೆ. ಹೋಗಿ ಬರುವವರೂ ಓದಲಿ. ಇಡೀ ರಸ್ತೆಗೆ ತಾವು ಬೇಕಾದವರು.

ತಾವು ನಮ್ಮ ಮನೆಗೆ ಬಂದದ್ದು ಗೌರಿಹಬ್ಬದ ಮರುವಾರ. ದಂಡು ಪ್ರದೇಶದ ಕಡೆ ಯಾವುದೋ ಹರಾಜಿನಲ್ಲಿ ತಮ್ಮನ್ನು ಹಿಡಿದು, ಜಟಕಾದಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಬಂದ ಯಜಮಾನರ ಮುಖದಲ್ಲಿದ್ದ ಕಳೆಯನ್ನು ನಮ್ಮ ಮದುವೆಯ ದಿಬ್ಬಣದಲ್ಲೂ ನಾನು ಕಂಡಿರಲಿಲ್ಲ. ‘ಇದ್ಯಾಕ್ರೀ ನಮಗೆ?’ ಎಂದು ಕೇಳಿದ್ದಕ್ಕೆ ‘ನಿನಗೇ ಕಣೇ, ಈ ಸಲ ನಿನ್ನ ಗೊಂಬೆ ಕೂರಿಸೋಕೆ ಮೆಟ್ಟಿಲು ನಾನೇ ಮಾಡ್ಕೊಡ್ತೀನಿ’ ಎಂದರು. ಇಷ್ಟು ವರ್ಷ ಪಟ್ಟದ ಗೊಂಬೆಗಳನ್ನು ಟ್ರಂಕುಗಳ ಮೇಲೆ ಸೀರೆ ಹೊದಿಸಿ ಕೂರಿಸುತ್ತಿದ್ದವಳಿಗೆ ಗಂಡ ಮೆಟ್ಟಿಲು ಮಾಡಿಕೊಡುತ್ತೇನೆಂದರೆ ಬೇಡವೆನ್ನಲು ಮನಸ್ಸು ಬರುತ್ತದೆಯೇ? ಯಂತ್ರದ ಕೆಲಸ ಗೊತ್ತೇ ಎಂದು ಕೇಳಿದ್ದಕ್ಕೆ ‘ದಿನಾ ಫ್ಯಾಕ್ಟರೀಲಿ ಮಷೀನ್‌ಗಳ ಮಧ್ಯಾನೇ ಇರ್ತೀನಲ್ಲೇ’ ಎಂದರು. ಅವರು ಫ್ಯಾಕ್ಟರಿಯ ಆಫೀಸಿನಲ್ಲಿ ಗುಮಾಸ್ತರು. ಅವರ ಮೇಜಿನ ಮೇಲಿರುವ ಮಷೀನು ಟೈಪ್‌ರೈಟರು.

ತಮ್ಮ ಸಂಗಡ ಒಂದು ಇಂಗ್ಲಿಷ್ ಪುಸ್ತಿಕೆಯೂ ಬಂದಿತ್ತು. ಅದರಲ್ಲಿ ತಮ್ಮನ್ನು ಹೇಗೆ ನಡೆಸಿಕೊಳ್ಳಬೇಕೆಂದು ಬಹಳ ಮರ್ಯಾದೆಯಿಂದ ಬರೆದಿತ್ತು. ಯಜಮಾನರು ಅದನ್ನು ಆರಾಮ ಕುರ್ಚಿಯಲ್ಲಿ ಒರಗಿ, ಒಂದೊಂದು ಸಾಲನ್ನೂ ನನಗೆ ಕನ್ನಡದಲ್ಲಿ ವಿವರಿಸಿ, ವಿವರಿಸಿದ್ದನ್ನು ಅಲ್ಲೇ ಬಿಟ್ಟರು. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ ಎಂದಿತ್ತು, ಪೇಪರ್ ಓದುವ ಕನ್ನಡಕ ಹಾಕಿಕೊಂಡರು. ಸಡಿಲ ಬಟ್ಟೆ ಬೇಡವೆಂದಿತ್ತು, ಪಂಚೆಯನ್ನು ಮೊಣಕಾಲ ಮೇಲಕ್ಕೆ ಎತ್ತಿ ಕಟ್ಟಿದರು. ಅದರ ತುದಿ ಮಾತ್ರ ಎಲ್ಲಿ ಬೇಕೋ ಅಲ್ಲಿ ಜೋತಾಡುತ್ತಿತ್ತು. ತಮ್ಮ ಬಾಲದ ತುದಿಯಲ್ಲಿ ಮೂರು ವೈರುಗಳಿದ್ದವು. ನಮ್ಮ ಮನೆಯಲ್ಲಿ ಇರುವುದು ದೀಪದ ಹೋಲ್ಡರು, ಅದಕ್ಕೆ ಎರಡೇ ಸಾಕು. ಹಸಿರು ವೈರು ಹೆಚ್ಚಿಗೆ ಬಂದಿದೆ ಎಂದು ಅದನ್ನು ಕತ್ತರಿಸಿ, ಬಲ್ಬ್ ಬಿಚ್ಚಿದ ಜಾಗಕ್ಕೆ ತಮ್ಮನ್ನು ನೇತುಹಾಕಿದರು. ಮರದ ಪುಡಿ ಹಾರದಿರಲೆಂದು ನೆಲಕ್ಕೆ ನೀರು ಬೇರೆ ಚಿಮುಕಿಸಿದರು. ಮರುದಿನ ತಮ್ಮ ಮೈ ಒರೆಸಲು ಹೋದ ನನಗೆ ಮೊಣಕೈವರೆಗೂ ಝುಮ್ಮೆಂದು ಹೊಡೆದಿರಿ. ನಾನು ಕಿರುಚಿದ್ದಕ್ಕೆ ಯಜಮಾನರು ‘ನೋಡಿದ್ಯಾ, ಏನ್ ಪವರ್ ಇದೆ!’ ಎಂದು ಹೆಮ್ಮೆಪಟ್ಟರು.

ತಮ್ಮ ಕಂಠದ ಬಗ್ಗೆ ನಾಲ್ಕು ಮಾತು ಹೇಳದಿದ್ದರೆ ತಪ್ಪಾದೀತು. ಮೂಡಲಪಾಳ್ಯದಿಂದ ಹಸು ಹೊಡೆದುಕೊಂಡು ಬಂದು ನಮ್ಮ ಗೇಟಿನಲ್ಲೇ ಹಾಲು ಕರೆದುಕೊಡುವ ಮುನಿತಾಯಮ್ಮ, ತಾವು ಮೊದಲ ಸಲ ಹಾಡಿದ ದಿನ ಚೊಂಬು ಬಿಟ್ಟು ಹಸುವಿನ ಹಿಂದೆ ಮಾಗಡಿ ರಸ್ತೆಯವರೆಗೆ ಓಡಬೇಕಾಯಿತು. ‘ಅಮ್ಮಣ್ಣಿ, ನಿಮ್ಮನೇಲಿ ಅದ್ಯಾವ ದೆವ್ವ ಕಟ್ಟಾಕಿದ್ದೀರಿ? ನಮ್ ಹಸ ನಿಮ್ ಗೇಟ್ ಕಂಡ್ರೇ ಹಾಲು ಇಳಿಸ್ತಿಲ್ಲ’ ಎಂದು ಅವಳು ಈಗ ಪಕ್ಕದ ರಸ್ತೆಯಲ್ಲೇ ನಿಂತು ನಮ್ಮನ್ನು ಕೂಗುತ್ತಾಳೆ. ಇದನ್ನು ನಾನು ದೂರೆಂದು ಬರೆಯುತ್ತಿಲ್ಲ. ನಡೆದುಕೊಂಡು ಹೋಗಿ ಹಾಲು ತರುವುದು ಮಂಡಿಗೆ ಒಳ್ಳೆಯದಂತೆ.

ನಿಜ ಹೇಳಬೇಕೆಂದರೆ ತಮ್ಮ ಕೂಗಿಗೆ ನಾನು ಹೆದರಿದವಳೇ ಅಲ್ಲ. ತಾವು ಕೂಗುತ್ತಿರುವಷ್ಟು ಹೊತ್ತೂ ಅವರು ಕೆಲಸ ಮಾಡುತ್ತಿದ್ದಾರೆಂದು ನಾನು ಒಗ್ಗರಣೆ ಹಾಕಿಕೊಂಡಿರುತ್ತೇನೆ. ನನಗೆ ಹೆದರಿಕೆ ತಾವು ಥಟ್ಟನೆ ಸುಮ್ಮನಾದಾಗ. ನಡುಮನೆಯಿಂದ ಒಂದು ಕೆಮ್ಮೋ, ಒಂದು ಬೈಗುಳವೋ ಕೇಳುವವರೆಗೂ ಸೌಟು ಹಿಡಿದುಕೊಂಡು ಹಾಗೇ ನಿಂತಿರುತ್ತೇನೆ. ಸಾಸಿವೆ ಸೀದು ಹೋದದ್ದೂ ಉಂಟು.

ಏಕೆಂದರೆ ಯಜಮಾನರು ಕುಳಿತುಕೊಳ್ಳುವ ಭಂಗಿ ನನಗೆ ಗೊತ್ತು. ಹಲಗೆಯನ್ನು ಬೆಂಚಿಗೆ ಬಿಗಿಯಾಗಿ ಕಟ್ಟಿ ಎಂದು ಪುಸ್ತಿಕೆಯಲ್ಲಿತ್ತು. ‘ಅವರಿಗೆ ಕಾಲಲ್ಲಿ ಬೂಟು, ಅದಕ್ಕೇ ಬೆಂಚು ಬೇಕು, ನಮಗೆ ದೇವರು ಕೊಟ್ಟ ಕಾಲಿದೆ’ ಎಂದು ಅವರು ನೆಲದ ಮೇಲೆ ಮಣೆ ಹಾಕಿ ಕೂತು, ಎಡಗಾಲಿನ ಹೆಬ್ಬೆರಳಲ್ಲಿ ಹಲಗೆಯನ್ನು ಅದುಮಿ ಹಿಡಿದರು. ನಮ್ಮ ಬಡಗಿಗಳೆಲ್ಲ ಹಿಡಿಯುವುದು ಹಾಗೆಯೇ, ಇಲ್ಲವೆನ್ನುವುದಿಲ್ಲ. ಆದರೆ ಕೈಗರಗಸ ಮನುಷ್ಯ ನಿಂತರೆ ನಿಲ್ಲುತ್ತದೆ. ತಮ್ಮದು ಹಾಗಲ್ಲ, ತಾವು ಹಿಡಿದ ಕೆಲಸ ಬಿಡುವವರಲ್ಲ. ತಮ್ಮ ಹಲ್ಲುಗಳ ಮೇಲೆ ಯಾರೋ ಪುಣ್ಯಾತ್ಮರು ಒಂದು ಕಬ್ಬಿಣದ ರೆಪ್ಪೆ ಕೂರಿಸಿದ್ದರು. ಅದರಿಂದ ಕೊಯ್ಯುವ ಗೆರೆ ಕಾಣುವುದಿಲ್ಲವೆಂದು ಯಜಮಾನರು ಅದನ್ನೂ ದಾರದಿಂದ ಮೇಲಕ್ಕೆ ಬಿಗಿದು ಕಟ್ಟಿದರು.

ನವರಾತ್ರಿ ಶುರುವಾಯಿತು, ಗೊಂಬೆಗಳು ಎಂದಿನಂತೆ ಟ್ರಂಕು ಏರಿದವು. ಮೆಟ್ಟಿಲಿನ ಹಲಗೆಗಳೇನೋ ತಯಾರಾಗಿದ್ದವು, ಆದರೆ ಒಂದರಷ್ಟು ಉದ್ದ ಇನ್ನೊಂದಿರಲಿಲ್ಲ.

ಆಯುಧಪೂಜೆ ಬಂತು. ಆ ದಿನ ತಮಗೆ ನಡೆದ ವೈಭವವನ್ನು ತಾವು ಮರೆತಿರಲಾರಿರಿ. ಮೈಗೆಲ್ಲ ವಿಭೂತಿ, ಅಲಗಿಗೆ ಅರಿಶಿನ ಕುಂಕುಮ, ಕೊರಳಿಗೆ ಬಾಲಕ್ಕೆ ಎರಡಕ್ಕೂ ಚೆಂಡುಹೂವಿನ ಮಾಲೆ. ಎದುರು ಮನೆಯ ಕರಿಬಸಪ್ಪನವರು ಕುಂಕುಮ ತುಂಬಿದ ಬೂದುಗುಂಬಳ ಹಿಡಿದು ಬಂದರು, ಅವರ ಹಿಂದೆ ರಸ್ತೆಯ ಅರ್ಧ ಜನ. ಮಂಗಳಾರತಿ ಆಯಿತು. ಅಲ್ಲಿಗೆ ಮುಗಿಯಬೇಕಿತ್ತು. ‘ಇವತ್ತು ಆಯುಧ ಮುಟ್ಟಬಾರದು ಕಣ್ರೀ, ಅದಕ್ಕೂ ಒಂದಿನ ವಿಶ್ರಾಂತಿ’ ಎಂದು ನಾನೂ ಹೇಳಿದೆ. ಯಜಮಾನರು ‘ಪೂಜೆ ಆದ್ಮೇಲೆ ಒಂದ್ಸಲ ಓಡಿಸ್ಬೇಕು ಕಣೇ, ನಮ್ ಸಾಹೇಬರು ಕಾರನ್ನ ನಿಂಬೆಹಣ್ಣಿನ ಮೇಲೆ ಹತ್ತಿಸಲ್ವಾ?’ ಎಂದರು. ಕರಿಬಸಪ್ಪನವರು ‘ಹತ್ಸಿ ನಂಜುಂಡಪ್ಪನೋರೇ, ನೋಡೇಬಿಡೋಣ!’ ಎಂದು ಬೂದುಗುಂಬಳವನ್ನು ನೆಲಕ್ಕೆ ಅಪ್ಪಳಿಸಿದರು. ತಮಗೆ ಚಕ್ರವಿಲ್ಲದ್ದರಿಂದ ಹಲಗೆಯ ಮೇಲೊಂದು ನಿಂಬೆಹಣ್ಣಿಟ್ಟು ಅದನ್ನು ಕೊಯ್ಯಬೇಕೆಂದು ತೀರ್ಮಾನವಾಯಿತು. ಹಲಗೆ ಹೆಬ್ಬೆರಳ ಕೆಳಗೆ. ತಾವು ಹೂವಿನ ಮಾಲೆಯ ಸಮೇತ.

ಮುಂದಿನದು ತಮಗೇ ಗೊತ್ತು. ನಿಂಬೆಹಣ್ಣು ಉರುಳಿತು. ಮಾಲೆಯ ದಾರ ಅಲಗಿಗೆ ಸುತ್ತಿಕೊಂಡಿತು, ದಾರದ ಜತೆಗೆ ಪಂಚೆಯ ತುದಿಯೂ ಹೋಯಿತು, ಪಂಚೆಯ ಹಿಂದೆ ತಾವು ಬಂದಿರಿ. ಯಜಮಾನರು ಗಾಬರಿಯಲ್ಲಿ ಗುಂಡಿ ಬಿಡುವ ಬದಲು ಇನ್ನೂ ಗಟ್ಟಿಯಾಗಿ ಅದುಮಿದರು. ನಾನು ತಮ್ಮ ಬಾಲ ಹಿಡಿದು ಜಗ್ಗಿದೆ. ಹೋಲ್ಡರು, ಅದರ ಸುತ್ತಲಿನ ಗಾರೆ, ಎಲ್ಲ ನನ್ನ ತಲೆಯ ಮೇಲೆ ಬಿತ್ತು, ತಾವು ಸುಮ್ಮನಾದಿರಿ. ಜನ ಕೈ ಮುಗಿದುಕೊಂಡೇ ನಿಂತಿದ್ದರು. ನೆಲದ ತುಂಬ ಬೂದುಗುಂಬಳದ ಕುಂಕುಮ ಹರಡಿತ್ತಲ್ಲ, ಅದರಲ್ಲಿ ಯಾವುದು ಕುಂಕುಮ, ಯಾವುದು ನನ್ನ ಗಂಡನ ರಕ್ತ ಎಂದು ಒಬ್ಬರಿಗೂ ತಿಳಿಯಲಿಲ್ಲ. ನನಗೆ ತಿಳಿಯಿತು, ಕುಂಕುಮ ಹರಿಯುವುದಿಲ್ಲ.

ಡಾಕ್ಟರು ಹೊಲಿಗೆ ಹಾಕಿ ಬೆರಳನ್ನು ಉಳಿಸಿಕೊಟ್ಟಿದ್ದಾರೆ, ತುದಿ ಉಳಿಯಲಿಲ್ಲ. ಇದಕ್ಕೆ ತಮ್ಮನ್ನು ದೂರಲಾರೆ. ಈ ಇಡೀ ಪ್ರಕರಣದಲ್ಲಿ ತಮ್ಮ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದವರು ತಾವೊಬ್ಬರೇ. ಆದರೂ, ಪೂಜೆ ಮಾಡಿಸಿಕೊಂಡವರು ಭಕ್ತರನ್ನು ಕಾಯಬೇಕೆಂಬುದು ನಮ್ಮ ಕಡೆಯ ಪದ್ಧತಿಯಾದ್ದರಿಂದ ಒಂದೆರಡು ವಿನಂತಿ. ಇನ್ನು ಮುಂದೆ ಹಲಗೆಯ ಮೇಲೆ ಕಾಲು ಕಂಡರೆ ತಾವಾಗಿಯೇ ನಿಂತು, ಇದು ಮರವೋ ಮನುಷ್ಯರೋ ಎಂದು ಒಂದು ಮಾತು ಕೇಳುವ ಕೃಪೆಯಾಗಬೇಕು. ಪಂಚೆಯನ್ನು ದೂರದಿಂದಲೇ ಗುರುತಿಸಬೇಕು. ಕತ್ತರಿಸಿ ಬಿಸಾಕಿದ ಹಸಿರು ವೈರನ್ನು ತಾವೇ ಮತ್ತೆ ಚಿಗುರಿಸಿಕೊಳ್ಳಬೇಕು. ಇದಾವುದೂ ಆಗದಿದ್ದಲ್ಲಿ, ಅವರು ತಮ್ಮನ್ನು ಕೈಗೆತ್ತಿಕೊಂಡಾಗಲೆಲ್ಲ ‘ನಿಮ್ಮಾಕೆಯನ್ನು ಕೇಳಿ ಬನ್ನಿ’ ಎಂದು ಹೇಳಿ ಕಳಿಸಬೇಕು.

ಇಷ್ಟೂ ಆದ ಮೇಲೆ ಬುದ್ಧಿ ಬಂದಿರಬಹುದೆಂದು ನಿನ್ನೆ ಗಂಜಿ ಕುಡಿಸುತ್ತಾ ಮೆಲ್ಲಗೆ ಕೇಳಿದೆ: ‘ಅದನ್ನ ಯಾರಿಗಾದ್ರೂ ಕೊಟ್ಬಿಡೋಣ್ವಾ?’ ಯಜಮಾನರು ನನ್ನ ಕೈ ಹಿಡಿದುಕೊಂಡರು. ‘ಹೆದ್ರಬೇಡ್ವೇ, ನಿನ್ ಮೆಟ್ಲು ಅರ್ಧಕ್ಕೇ ಬಿಡ್ತೀನಾ? ಎಡಗಾಲು ವಾಸಿಯಾಗೋವರ್ಗೂ ಬಲಗಾಲಲ್ಲಿ ಹಿಡ್ಕೋತೀನಿ’ ಎಂದರು. ಅಯ್ಯೋ ನನ್ನಪ್ಪಾ, ಮೆಟ್ಟಿಲು ಯಾರಿಗೆ ಬೇಕು! ಗೊಂಬೆಗಳು ಟ್ರಂಕಿನ ಮೇಲೇ ಇರಲಿ, ಬೀದಿಯಲ್ಲಿ ಬೇಕಾದರೂ ಇರಲಿ, ಈ ಮನುಷ್ಯ ನೆಟ್ಟಗೆ ಎರಡು ಕಾಲಲ್ಲಿ ನಡೆದುಕೊಂಡು ಸಂಜೆ ಮನೆಗೆ ಬಂದರೆ ನನಗೆ ಅಷ್ಟೇ ಸಾಕು. ಇದನ್ನು ಅವರಿಗೆ ಹೇಳಿದೆ. ಅವರು ಗಂಜಿಗೆ ಉಪ್ಪು ಸಾಲದು ಎಂದರು.

ತಮ್ಮ ಹಲ್ಲುಗಳ ಹೊಳಪು ಹೀಗೇ ಇರಲೆಂದು, ಬಹಳ ಕಾಲ ಯಾರೂ ಅವನ್ನು ಮುಟ್ಟದಿರಲೆಂದು ಹಾರೈಸುವ,

ತಮ್ಮ ವಿಶ್ವಾಸಿ,
ವಿಮಲಮ್ಮ

ತಾ.ಕ.: ಯಜಮಾನರು ಮಧ್ಯಾಹ್ನದ ನಿದ್ದೆಯಲ್ಲಿದ್ದಾರೆ. ತಮ್ಮ ಪುಸ್ತಿಕೆಯಲ್ಲಿ, ಯಾವುದೇ ರಿಪೇರಿಗೆ ಮುಂಚೆ ಕರೆಂಟಿನಿಂದ ಬಿಡಿಸತಕ್ಕದ್ದು ಎಂಬ ಮಾತೊಂದಿತ್ತು. ಅದರಂತೆ ತಮ್ಮ ವೈರಿನ ಎರಡೂ ತುದಿ ಕರೆಂಟಿನಿಂದ ದೂರ ಇರುವುದನ್ನು ಮತ್ತೆ ಮತ್ತೆ ನೋಡಿಕೊಂಡು, ಈಳಿಗೆಮಣೆಯನ್ನು ಕಾಲಲ್ಲಿ ಅದುಮಿ ಕೂತು, ಆ ವೈರನ್ನು ಪೂರ್ತಿ ಹುರುಳಿಕಾಯಿಯ ಅಳತೆಗೆ ಹೆಚ್ಚಿ ಮುಗಿಸಿದ್ದೇನೆ. ಕೊಂಚ ನಾರಿತ್ತು. ನನ್ನ ಬೆರಳುಗಳೆಲ್ಲ ಕ್ಷೇಮ. ಅಂದಹಾಗೆ, ಆಯುಧಪೂಜೆಯ ದಿನ ಈ ಈಳಿಗೆಮಣೆಗೆ ಒಂದು ಬೊಟ್ಟು ಕುಂಕುಮ ಇಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ.