ಲೈನ್ ಕ್ಲಿಯರ್ ಆಗದೆ ಗೋಲಿಲ್ಲ

ಐರ್ಲೆಂಡಿನವರ ಆಟಕ್ಕೂ ಮೈಸೂರಿನ ಒಂಟಿಕೊಪ್ಪಲಿನಲ್ಲಿ ಹುಟ್ಟಿದ ನನಗೂ ಏನು ಸಂಬಂಧ ಅಂತ ಯಾರಾದರೂ ಕೇಳಿದರೆ, ಸಂಬಂಧ ಇಲ್ಲದೇ ಇರೋದರಿಂದಲೇ ಇಷ್ಟೆಲ್ಲ ಆಗ್ತಿರೋದು ಅಂತ ಹೇಳಬೇಕಾಗುತ್ತದೆ. ಗೊತ್ತಿರುವ ಆಟದಲ್ಲಿ ಪೆದ್ದುತನ ಮಾಡಲು ಅವಕಾಶ ಕಡಿಮೆ. ಗೊತ್ತಿಲ್ಲದ ಆಟ ಹಾಗಲ್ಲ, ವಾರವಾರವೂ ಹೊಸದೊಂದನ್ನು ಎತ್ತಿಟ್ಟಿರುತ್ತದೆ.

ಶುರುವಾಗಿದ್ದು ಕೋವಿಡ್ ಕಾಲದಲ್ಲಿ. ಅಮೆರಿಕದ ಕ್ಯಾರಿ ಅನ್ನುವ ಊರಿನ ನಮ್ಮ ಬೀದಿಯಲ್ಲಿ ಎಲ್ಲರೂ ಬಾಗಿಲು ಹಾಕಿಕೊಂಡು ಕೂತಿದ್ದಾಗ, ಎದುರು ಮನೆಯ ಐರಿಷ್ ಹೆಂಗಸು ದಿನಾ ಸಂಜೆ ತನ್ನ ಗ್ಯಾರೇಜಿನ ಬಾಗಿಲಿಗೆ ಚೆಂಡು ಒದೆಯುತ್ತಿದ್ದರು. ಔಷಧಿ ಕಂಪನಿಯಲ್ಲಿ ಕೆಲಸ, ಐವತ್ತು ದಾಟಿದ ವಯಸ್ಸು. ಆರಡಿ ಅಂತರ ಕಾಪಾಡಿಕೊಂಡು ನೋಡುತ್ತಿದ್ದ ನನ್ನ ಮಗಳು ಒಂದು ದಿನ ಚೆಂಡನ್ನು ವಾಪಸ್ ಒದ್ದಳು. ಅಷ್ಟೇ. ಬೀದಿ ತೆರೆದುಕೊಳ್ಳುವ ಹೊತ್ತಿಗೆ ಅಲ್ಲೊಂದು ಹುಡುಗಿಯರ ಗೇಲಿಕ್ ಫುಟ್‌ಬಾಲ್ ತಂಡವೇ ಹುಟ್ಟಿತ್ತು. ಆ ಹೆಂಗಸು ನಮ್ಮ ಮನೆಯಲ್ಲಿ ‘ಕೋಚಮ್ಮ’ ಆದರು.

ಈ ಆಟದಲ್ಲಿ ಚೆಂಡನ್ನು ಕೈಯಲ್ಲಿ ಹಿಡಿಯಬಹುದು, ಕಾಲಲ್ಲಿ ಒದೆಯಬಹುದು, ನೆಲಕ್ಕೆ ಪುಟಿಸಲೂಬಹುದು. ನಮ್ಮ ಯಜಮಾನರು ಮೊದಲ ದಿನ ಹತ್ತು ನಿಮಿಷ ನೋಡಿ, “ಇದೇನೇ, ಯಾವ ಆಟಾನೂ ಪೂರ್ತಿ ಕಲೀದೇ ಇರೋರೆಲ್ಲ ಸೇರಿ ಮಾಡ್ಕೊಂಡಿದ್ದಾ?” ಅಂದರು. ಕೋಚಮ್ಮನಿಗೆ ಕನ್ನಡ ಬರುವುದಿಲ್ಲ ಅನ್ನುವುದು ಎಷ್ಟೋ ಸಲ ನಮ್ಮ ಸಂಸಾರವನ್ನು ಉಳಿಸಿದೆ.

ಒಂದೇ ಕೊರತೆ. ಇಷ್ಟು ವರ್ಷದಲ್ಲಿ ನಮ್ಮ ತಂಡ ಒಂದೇ ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ.

ಗ್ರ್ಯಾಂಡ್

ಮಗಳು ಸೇರಿ ಒಂದು ತಿಂಗಳಾದ ಮೇಲೆ ಕೋಚಮ್ಮನನ್ನು ಕೇಳಿದೆ, “ಹೇಗೆ ಆಡ್ತಿದಾಳೆ?”

“ಓಹ್, ಶೀ ಈಸ್ ಗ್ರ್ಯಾಂಡ್!”

ನಮ್ಮಲ್ಲಿ ಗ್ರ್ಯಾಂಡ್ ಅಂದರೆ ಸಾಮಾನ್ಯ ಮಾತೇ? ಮೂರು ಥರ ಸಿಹಿ, ಎರಡು ಛತ್ರ, ನಾದಸ್ವರದ ಸೆಟ್ ಇದ್ದ ಮದುವೆಗೆ ಮಾತ್ರ ಗ್ರ್ಯಾಂಡ್ ಅನ್ನುತ್ತೇವೆ. ನಾನು ಅವತ್ತೇ ಮೈಸೂರಿಗೆ ಫೋನ್ ಮಾಡಿ ಅಮ್ಮನಿಗೆ ಹೇಳಿದೆ. ಯಜಮಾನರು ಯುಗಾದಿ ಊಟದಲ್ಲಿ, ಯಾರೂ ಕೇಳದಿದ್ದರೂ, ಎರಡು ಪಂಕ್ತಿಗೆ ಹೇಳಿದರು.

ಮುಂದಿನ ಶನಿವಾರ ಮೈದಾನದಲ್ಲಿ ನಮ್ಮ ಕಾರಿನ ಟೈರು ಪಂಕ್ಚರ್ ಆಯಿತು. ಕೋಚಮ್ಮ ಬಗ್ಗಿ ನೋಡಿ, “ಇಟ್ಸ್ ಗ್ರ್ಯಾಂಡ್” ಅಂದರು. ಮಳೆಯಲ್ಲಿ ನೆಂದು ಮುದ್ದೆಯಾದ ಸ್ಯಾಂಡ್‌ವಿಚ್ ತಿನ್ನುತ್ತಾ, “ಗ್ರ್ಯಾಂಡ್” ಅಂದರು. ಒಬ್ಬ ಹುಡುಗಿಯ ಮೂಗಿನಿಂದ ರಕ್ತ ಸುರಿಯುತ್ತಿತ್ತು. ಒರೆಸಿ, “ಯೂ ಆರ್ ಗ್ರ್ಯಾಂಡ್” ಅಂತ ವಾಪಸ್ ಆಟಕ್ಕೆ ತಳ್ಳಿದರು.

ಮಗಳನ್ನು ಕರೆದು, “ಏ, ಇವರು ಗ್ರ್ಯಾಂಡ್ ಅಂದ್ರೆ ಏನರ್ಥ?” ಅಂದೆ.

“ಅಮ್ಮಾ, ಇಟ್ಸ್ ಲೈಕ್… ಪರವಾಗಿಲ್ಲ.”

ಅಷ್ಟರಲ್ಲಿ ಮೈಸೂರಿನಲ್ಲಿ ಅಮ್ಮ ಎರಡು ಕ್ರಾಸಿಗೆ ಸುದ್ದಿ ಮುಟ್ಟಿಸಿ, ಗಣಪತಿಗೆ ನೂರೆಂಟು ಕಡುಬಿನ ನೈವೇದ್ಯ ಮಾಡಿಸಿ ಆಗಿತ್ತು. ಮೊಮ್ಮಗಳು ‘ಪರವಾಗಿಲ್ಲ’ ಅನ್ನುವುದಕ್ಕೆ ನೂರೆಂಟು ಕಡುಬು ತಿಂದ ಏಕೈಕ ದೇವರು ಅವನೇ ಇರಬೇಕು.

ಕೌಂಟಿ ಕೈಕೊಟ್ಟ ದಿನ

ನಮ್ಮದು ಕ್ಲಬ್ ಮಟ್ಟದ ಆಟ. ಅದರ ಮೇಲೆ ಕೌಂಟಿ. ಐರ್ಲೆಂಡಿನಲ್ಲಿ ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ. ಹುಟ್ಟಿದ ಜಿಲ್ಲೆಯ ತಂಡಕ್ಕೆ ಸಾಯುವವರೆಗೂ ನಿಷ್ಠೆ. ಕೋಚಮ್ಮನದು ಲೀಟ್ರಿಮ್ ಅನ್ನುವ ಪುಟ್ಟ ಕೌಂಟಿ. ಗೆಲ್ಲುವುದಕ್ಕಿಂತ ಸೋಲುವುದನ್ನು ನೋಡಿಯೇ ಅವರಿಗೆ ಅಭ್ಯಾಸ. “ಬೇರೆ ಕೌಂಟಿ ಹಿಡೀಬಾರದಾ?” ಅಂತ ಒಮ್ಮೆ ಕೇಳಿದ್ದೆ. “ಗಂಡನನ್ನು ಬದಲಾಯಿಸಿದೀನಿ, ಆಯಿತು. ಕೌಂಟಿ ಬದಲಾಯಿಸೋ ಹಾಗಿಲ್ಲ” ಅಂದರು.

ಅಲ್ಲಿಯ ಭಾನುವಾರ ಮಧ್ಯಾಹ್ನದ ಪಂದ್ಯ ನಮಗೆ ಟಿವಿಯಲ್ಲಿ ಬೆಳಿಗ್ಗೆ ಬರುತ್ತದೆ. ನಾನು ಉಪ್ಪಿಟ್ಟು ಒಯ್ಯುತ್ತೇನೆ, ಅವರು ಚಮಚ ನಿಲ್ಲುವಷ್ಟು ಗಟ್ಟಿ ಟೀ ಮಾಡುತ್ತಾರೆ, ಇಬ್ಬರೂ ಸೋಫಾದ ಮೇಲೆ ಕೂತು ಸೋಲುತ್ತೇವೆ. ಅವತ್ತು ಗೆದ್ದೇಬಿಟ್ಟೆವು ಅನ್ನುವಾಗ ಕೊನೆಯ ನಿಮಿಷದಲ್ಲಿ ಒಂದು ಅಂಕದಿಂದ ಹೋಯಿತು. ಕೋಚಮ್ಮ ಅತ್ತರು. ಅವರು ಅಳುವುದು ನೋಡಿ ನಾನೂ ಅತ್ತೆ. ಅದೇ ಮುಖದಲ್ಲಿ ದೇವಸ್ಥಾನದ ಪಾಟ್‌ಲಕ್ ಊಟಕ್ಕೆ ಹೋದೆ.

“ಯಾಕಮ್ಮ, ಕಣ್ಣೆಲ್ಲ ಕೆಂಪಾಗಿದೆ?” ಅಂತ ಒಬ್ಬರು ಆಂಟಿ ಕೇಳಿದರು.

“ಕೌಂಟಿ ಕೈಕೊಡ್ತು ಆಂಟಿ. ಕೊನೇ ನಿಮಿಷದಲ್ಲಿ.”

ಇಲ್ಲಿ ನಮ್ಮವರಿಗೆ ಕೌಂಟಿ ಅಂದರೆ ಒಂದೇ. ಮಕ್ಕಳು ಯಾವ ಶಾಲೆಗೆ ಅಂತ ತೀರ್ಮಾನ ಮಾಡುವ ವೇಕ್ ಕೌಂಟಿ. ಅದು ನನಗೆ ಆಗ ಹೊಳೆಯಲಿಲ್ಲ.

ಆಂಟಿ ಮೊಸರವಲಕ್ಕಿಯ ಸೌಟು ಕೆಳಗಿಟ್ಟರು. “ಅಯ್ಯೋ! ಅಪೀಲ್ ಮಾಡಿದ್ರಾ?”

“ಎಲ್ಲಾರೂ ಕೈ ಎತ್ತಿ ಅಪೀಲ್ ಮಾಡಿದ್ರು. ರೆಫರಿ ಕೇಳಲೇ ಇಲ್ಲ.”

“ಅದಕ್ಕೂ ಈಗ ರೆಫರಿ ಇಟ್ಟಿದಾರಾ? ನಿಮ್ಮೊಬ್ಬರಿಗೇನಾ, ಎಲ್ಲಾರಿಗೂ ಹೀಗೇನಾ?”

“ಎಲ್ಲಾರಿಗೂ ಆಂಟಿ. ಇನ್ನು ಮುಂದಿನ ವರ್ಷವೇ.”

ಸಂಜೆಯೊಳಗೆ ವಾಟ್ಸಾಪ್ ಗುಂಪು ಹೊತ್ತಿ ಉರಿಯುತ್ತಿತ್ತು. ನಮ್ಮ ಬಡಾವಣೆಯ ಮಕ್ಕಳನ್ನೆಲ್ಲ ಕೌಂಟಿ ಬೇರೆ ಶಾಲೆಗೆ ಹಾಕಿದೆಯಂತೆ. ಇಬ್ಬರು ಆಗಲೇ ಪಕ್ಕದೂರು ಏಪೆಕ್ಸಿನಲ್ಲಿ ಮನೆ ನೋಡಲು ಹೊರಟಿದ್ದರು. ನಾನು ಕ್ಷಮೆ ಕೇಳಿ, ಅದು ವೇಕ್ ಅಲ್ಲ, ಲೀಟ್ರಿಮ್ ಅಂತ ಬರೆದೆ.

ಆಮೇಲೆ ಒಬ್ಬರ ಪ್ರಶ್ನೆ ಬಂತು: “ಲೀಟ್ರಿಮ್ ಎಲಿಮೆಂಟರಿಗೆ ರೇಟಿಂಗ್ ಎಷ್ಟು?”

ಗೆದ್ದವರಿಗೆ ಮೈಸೂರುಪಾಕು

ಮೊದಲ ಗೆಲುವಿಗೆ ಅಂತ ನಾನು ಪ್ರತಿ ಪಂದ್ಯಕ್ಕೂ ಒಂದು ಡಬ್ಬಿ ಮೈಸೂರುಪಾಕು ಮಾಡಿಕೊಂಡು ಹೋಗುತ್ತಿದ್ದೆ. ಸೋತ ಮೇಲೆ ಅದನ್ನು ಮನೆಗೆ ತಂದು, ವಾರವಿಡೀ ನಾವೇ ತಿನ್ನುತ್ತಿದ್ದೆವು. ನಮ್ಮ ತಂಡದ ಸೋಲಿನ ಲೆಕ್ಕ ಯಜಮಾನರ ಸೊಂಟದಲ್ಲಿದೆ.

ಷಾರ್ಲಟ್ ಊರಿನ ತಂಡದ ಎದುರಿನ ಪಂದ್ಯ ಮುಗಿದಾಗ ಯಜಮಾನರು ಬೋರ್ಡ್ ನೋಡಿದರು. ನಮ್ಮದು ಸೊನ್ನೆ, ಪಕ್ಕದಲ್ಲಿ ಹದಿನಾಲ್ಕು. ಅವರದು ಎರಡು, ಪಕ್ಕದಲ್ಲಿ ಒಂಬತ್ತು. “ಹದಿನಾಲ್ಕು–ಒಂಬತ್ತು! ಗೆದ್ವಿ ಕಣೇ!” ಅಂತ ಕೂಗಿ, ನನ್ನ ಕೈಯಿಂದ ಡಬ್ಬಿ ಕಿತ್ತುಕೊಂಡು ಮೈದಾನಕ್ಕೆ ಓಡಿದರು. ಸೋತವರಿಗೆ ಮೊದಲು ಕೊಡುವುದು ನಮ್ಮ ಸಂಸ್ಕೃತಿ ಅಂತ, ಷಾರ್ಲಟ್ ಹುಡುಗಿಯರಿಗೆ ಎರಡೆರಡು ಹಂಚಿ, ಒಬ್ಬೊಬ್ಬರ ಬೆನ್ನೂ ತಟ್ಟಿ, “ಬೇಜಾರು ಮಾಡ್ಕೋಬೇಡಿ, ನೆಕ್ಸ್ಟ್ ಟೈಮ್” ಅಂತ ಸಮಾಧಾನ ಹೇಳಿದರು. ಅವರು ಕಕ್ಕಾಬಿಕ್ಕಿಯಾಗಿ ತಿಂದರು.

ಬೋರ್ಡಿನ ಮೊದಲ ಅಂಕಿ ಗೋಲು, ಎರಡನೆಯದು ಪಾಯಿಂಟು. ಚೆಂಡು ಅಡ್ಡಪಟ್ಟಿಯ ಮೇಲಿಂದ ಹೋದರೆ ಒಂದು ಪಾಯಿಂಟು, ಕೆಳಗಿನ ಬಲೆಗೆ ಹೋದರೆ ಗೋಲು. ಒಂದು ಗೋಲಿಗೆ ಮೂರು ಪಾಯಿಂಟು. ಅವರ ಎರಡು ಗೋಲಿಗೆ ಆರು, ಜೊತೆಗೆ ಒಂಬತ್ತು, ಹದಿನೈದು. ನಾವು ಒಂದು ಅಂಕದಿಂದ ಸೋತಿದ್ದೆವು. ನಮ್ಮ ಯಜಮಾನರು ಎಂಜಿನಿಯರು.

ಅಂದಿನಿಂದ ಡಬ್ಬಿ ಕೋಚಮ್ಮನ ವಶ. ರೆಫರಿ ಫಲಿತಾಂಶ ಬರೆಯುವವರೆಗೂ ಯಾರೂ ಮುಟ್ಟುವ ಹಾಗಿಲ್ಲ. ಆದರೆ ಷಾರ್ಲಟ್‌ನವರು ಈಗಲೂ ಸಿಕ್ಕಾಗೆಲ್ಲ ತುಂಬಾ ಪ್ರೀತಿಯಿಂದ ಕೇಳುತ್ತಾರೆ: “ಆರ್ ಯೂ ಲೂಸಿಂಗ್ ಟುಡೇ? ಆ ಹಳದಿ ಸ್ವೀಟ್ ತಂದಿದೀರಾ?”

ಹಸಿರು ಬಾವುಟ

ಕಳೆದ ಬೇಸಿಗೆಯಲ್ಲಿ ಕೋಚಮ್ಮ ನಿವೃತ್ತಿ ತಗೊಂಡು ಊರಿಗೆ ಹೊರಟರು. “ಒಂದೇ ಒಂದು ಗೆಲುವು ನೋಡಿ ಹೋಗ್ತೀನಿ” ಅಂತ ಹುಡುಗಿಯರಿಗೆ ಹೇಳಿದ್ದರು. ಉಳಿದಿದ್ದು ಐದು ಗಂಟೆ ದೂರದ ಗೈದರ್ಸ್‌ಬರ್ಗ್ ಹತ್ತಿರದ ಒಂದು ಟೂರ್ನಮೆಂಟ್, ಅದರಲ್ಲಿ ಅಟ್ಲಾಂಟದವರ ಎದುರು ನಮ್ಮ ಕೊನೆಯ ಪಂದ್ಯ.

ಆ ಸಲ ಕಾರಿನಲ್ಲಿ ನಮ್ಮ ಮಾವನವರೂ ಇದ್ದರು. ಆರು ತಿಂಗಳಿಗೆ ಅಂತ ಬಂದಿದ್ದರು. ಅರಸೀಕೆರೆ ಕಡೆ ಸ್ಟೇಷನ್ ಮಾಸ್ಟರ್ ಆಗಿ ರಿಟೈರ್ ಆದವರು. ರಿಟೈರ್ ಆಗಿದ್ದು ಅವರೊಬ್ಬರೇ, ಒಳಗಿನ ಸ್ಟೇಷನ್ ಇನ್ನೂ ನಡೆಯುತ್ತಿದೆ. ನಮ್ಮ ಮನೆಯಲ್ಲಿ ಊಟಕ್ಕೆ ಐದು ನಿಮಿಷ ತಡವಾದರೆ ಕಾರಣ ಕೇಳುತ್ತಾರೆ.

ಪ್ರತಿ ಗೋಲಿನ ಎರಡೂ ಕಂಬದ ಪಕ್ಕ ಬಿಳಿ ಕೋಟು ಹಾಕಿದ ಒಬ್ಬೊಬ್ಬ ಅಂಪೈರ್ ನಿಲ್ಲಬೇಕು. ಪಾಯಿಂಟ್ ಆದರೆ ಒಬ್ಬರು ಬಿಳಿ ಬಾವುಟ ಬೀಸಬೇಕು, ಗೋಲಾದರೆ ಇನ್ನೊಬ್ಬರು ಹಸಿರು. ಒಂದೊಂದು ಗೋಲಿಗೆ ತಂಡಕ್ಕೊಬ್ಬರನ್ನು ಕೊಡಿ ಅಂದಾಗ ನಮ್ಮ ಕಡೆ ಯಾರೂ ಇರಲಿಲ್ಲ. ಲೆಕ್ಕದ ವಿಷಯವಾದ್ದರಿಂದ ಯಜಮಾನರ ಹೆಸರನ್ನು ಯಾರೂ ಎತ್ತಲಿಲ್ಲ.

“ಮಾವ, ನೀವು ನಿಂತ್ಕೋತೀರಾ? ಸುಮ್ನೆ ಹಸಿರು ಬಾವುಟ ತೋರಿಸೋದು ಅಷ್ಟೇ.”

“ಸುಮ್ನೆ ಹಸಿರು ಬಾವುಟ ತೋರಿಸೋದಾ?” ಮಾವನವರು ನನ್ನನ್ನು ನೋಡಿದ ನೋಟಕ್ಕೆ ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಬಿಳಿ ಕೋಟನ್ನು ಕುತ್ತಿಗೆಯವರೆಗೂ ಗುಂಡಿ ಹಾಕಿಕೊಂಡರು. ಬಾವುಟ ಬಿಚ್ಚಿ, ಕೊಡವಿ, ಮತ್ತೆ ಸುತ್ತಿದರು. “ಕೆಂಪು ಬಾವುಟ ಎಲ್ಲಮ್ಮ?”

“ಕೆಂಪು ಇಲ್ಲ ಮಾವ.”

“ಕೆಂಪು ಇಲ್ಲದೆ ಹೇಗಮ್ಮ ನಡೆಸ್ತಾರೆ ಇವರು?”

ಇನ್ನೊಂದು ಕಂಬದ ಹತ್ತಿರ ಅಟ್ಲಾಂಟದ ಹುಡುಗಿಯೊಬ್ಬಳ ಅಪ್ಪ ಬಿಳಿ ಬಾವುಟ ಹಿಡಿದು ನಿಂತಿದ್ದರು. ಪಾಪ, ಅವರಿಗೆ ಬಿಡುವಿಲ್ಲದ ಕೆಲಸ. ಪಾಯಿಂಟ್ ಮೇಲೆ ಪಾಯಿಂಟ್. ಒಂದು ಗೋಲೂ ಆಗಲಿಲ್ಲ. ಮಾವನವರು ಗಾಡಿ ನಿಲ್ಲದ ಸ್ಟೇಷನ್ನಿನಲ್ಲಿ ನಿಂತ ಹಾಗೆ ನಿಂತೇ ಇದ್ದರು. ಅರ್ಧ ಪಂದ್ಯ ಮುಗಿದಾಗ ನೀರು ಕೊಟ್ಟೆ. “ಈ ಲೈನಲ್ಲಿ ಟ್ರಾಫಿಕ್ಕೇ ಇಲ್ಲ” ಅಂದರು.

ಕೊನೆಯ ಎರಡೂವರೆ ನಿಮಿಷ. ನಾವು ಎರಡು ಪಾಯಿಂಟ್ ಹಿಂದೆ. ಇನ್ನೊಂದು ಪಂದ್ಯ ಕಾಯುತ್ತಿದ್ದರಿಂದ ಗಡಿಯಾರ ಯಾವುದಕ್ಕೂ ನಿಲ್ಲುವುದಿಲ್ಲ, ಸಮಯ ಮುಗಿದರೆ ಮೇಜಿನ ಹತ್ತಿರ ಹಾರ್ನ್ ಊದುತ್ತಾರೆ ಅಂತ ಮೊದಲೇ ಹೇಳಿದ್ದರು. ಅಷ್ಟರಲ್ಲಿ ಮಗಳಿಗೆ ಚೆಂಡು ಸಿಕ್ಕಿತು. ಓಡಿದಳು, ಒದ್ದಳು. ಚೆಂಡು ಗೋಲ್‌ಕೀಪರ್ ಹುಡುಗಿಯ ಕೈಕೆಳಗೆ ನುಗ್ಗಿ ಒಳಗೆ ಹೋಯಿತು. ಹೋದ ರಭಸಕ್ಕೆ ಹರಿದ ಬಲೆಯಿಂದ ತೂರಿ ಆಚೆ ಪೊದೆಗೂ ಹೋಯಿತು. ಇವಳೂ ಆ ಕೀಪರೂ ಡಿಕ್ಕಿ ಹೊಡೆದು, ಒಬ್ಬರ ಮೇಲೊಬ್ಬರು ಸರಿಯಾಗಿ ಗೋಲಿನ ಗೆರೆಯ ಮೇಲೆ ಬಿದ್ದರು.

ಗುಂಪಿನ ಹಿಂದಿದ್ದ ರೆಫರಿಗೆ ಏನೂ ಕಂಡಿರಲಿಲ್ಲ. ಚೆಂಡು ಒಳಗಿಂದ ಹೋಯಿತೋ ಪಕ್ಕದಿಂದ ಹೋಯಿತೋ? ಆತ ಮಾವನವರ ಕಡೆ ನೋಡಿದ. ಕೋಚಮ್ಮ ನೋಡಿದರು. ಎಲ್ಲರೂ ನೋಡಿದರು.

ಮಾವನವರು ಬಾವುಟ ಎತ್ತಲಿಲ್ಲ.

“ತಾತಾ! ಫ್ಲ್ಯಾಗ್! ಫ್ಲ್ಯಾಗ್!” ಮಗಳು ಬಿದ್ದಲ್ಲಿಂದಲೇ ಕಿರುಚಿದಳು.

“ಮೊದಲು ಏಳು.”

“ಸರ್, ಗೋಲ್ ಆರ್ ನೋ ಗೋಲ್?” ರೆಫರಿ ಓಡಿ ಬಂದ.

“ವೇಟ್,” ಮಾವನವರು ಅಂಗೈ ತೋರಿಸಿದರು. “ಪರ್ಸನ್ಸ್ ಆನ್ ದಿ ಲೈನ್.”

ನಾನು ಹೊರಗಿನಿಂದ ಕೂಗಿದೆ, “ಮಾವಾ, ಅದು ರೈಲ್ವೆ ಲೈನ್ ಅಲ್ಲ! ತೋರಿಸಿ ಮಾವ!”

“ನಲವತ್ತು ವರ್ಷ ಸರ್ವಿಸಲ್ಲಿ ಲೈನ್ ಕ್ಲಿಯರ್ ಇಲ್ಲದೆ ಹಸಿರು ತೋರಿಸಿಲ್ಲ ಕಣಮ್ಮ. ಇವತ್ತು ಮೊಮ್ಮಗಳಿಗೋಸ್ಕರ ತೋರಿಸ್ಲಾ?”

ಮಗಳು ಛಂಗನೆ ಎದ್ದಳು. ಗೋಲ್‌ಕೀಪರ್ ಹುಡುಗಿ ಚುರುಕು. ತಾನು ಏಳದಿದ್ದರೆ ಬಾವುಟ ಏಳುವುದಿಲ್ಲ ಅಂತ ಅವಳಿಗೆ ತಕ್ಷಣ ಅರ್ಥವಾಯಿತು. “ಓಹ್, ಮೈ ಆಂಕಲ್!” ಅಂತ ಎಡಗಾಲಿನ ಗಂಟು ಹಿಡಿದು, ಆಮೇಲೆ ಬಲಗಾಲಿನದು ಹಿಡಿದು, ಗೆರೆಯ ಉದ್ದಕ್ಕೂ ಇನ್ನಷ್ಟು ನೀಟಾಗಿ ಮಲಗಿದಳು. ಬಿಳಿ ಬಾವುಟದ ಅಪ್ಪ ತಾಳಲಾರದೆ, “ಸ್ವೀಟ್‌ಹಾರ್ಟ್, ಅದು ನಿನ್ನ ಇನ್ನೊಂದು ಕಾಲು” ಅಂದರು. ಅವರದೇ ಮಗಳು.

ಮಾವನವರಿಗೆ ಅವಸರವಿಲ್ಲ. ಬಗ್ಗಿ, ಆ ಹುಡುಗಿಯ ಕೈಹಿಡಿದು ಎಬ್ಬಿಸಿ, ಪ್ರಯಾಣಿಕರನ್ನು ದಾಟಿಸುವ ಹಾಗೆ ಮೆಲ್ಲಗೆ ಗೆರೆಯಿಂದ ಆಚೆ ನಡೆಸಿದರು. ವಾಪಸ್ ಕಂಬಕ್ಕೆ ಬಂದರು. ಎಡಕ್ಕೆ ನೋಡಿದರು.

ಹಾರ್ನ್ ಊದಿತು. ಸಮಯ ಮುಗಿಯಿತು. ಕೋಚಮ್ಮ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಹುಲ್ಲಿನ ಮೇಲೆ ಕೂತುಬಿಟ್ಟರು.

ಮಾವನವರು ಬಲಕ್ಕೂ ನೋಡಿದರು. ಆಮೇಲೆ ಹಸಿರು ಬಾವುಟ ಬಿಚ್ಚಿ, ಕೈ ಪೂರ್ತಿ ಚಾಚಿ ಬೀಸಿದರು. ಕೊನೆಯ ಬೋಗಿ ಸ್ಟೇಷನ್ ದಾಟುವವರೆಗೂ ಬೀಸಿದರು.

“ಚೆಂಡು ಹಾರ್ನಿಗೆ ಮೊದಲೇ ಒಳಗೆ ಹೋಗಿತ್ತು ತಾನೇ?” ಅಂತ ರೆಫರಿ ಬರೆದುಕೊಳ್ಳುತ್ತಾ ಕೇಳಿದ.

“ಎಸ್. ಬಿಫೋರ್.”

ಬಿಳಿ ಬಾವುಟದ ಅಪ್ಪನೂ ನಿಟ್ಟುಸಿರು ಬಿಟ್ಟು ಹೌದು ಅಂತ ತಲೆಯಾಡಿಸಿದರು. ಅಂದರೆ ಗೋಲು. ಮೂರು ಪಾಯಿಂಟು. ಒಂದು ಅಂಕದಿಂದ ನಾವು ಮುಂದೆ, ಅಟ್ಲಾಂಟದವರಿಗೆ ವಾಪಸ್ ಹೊಡೆಯಲು ಸಮಯವೇ ಇಲ್ಲ. ಇದ್ದ ಸಮಯವನ್ನೆಲ್ಲ ಅವರ ಕೀಪರ್ ಗೆರೆಯ ಮೇಲೆ ಮಲಗಿ ಕಳೆದಿದ್ದಳು.

ಆಮೇಲೆ ಎಲ್ಲರೂ ಕಿರುಚಿದ್ದು, ಕುಣಿದದ್ದು. ರೆಫರಿ ಬರೆದದ್ದನ್ನು ಕೋಚಮ್ಮ ಎರಡು ಸಲ ಓದಿ, ತಾವೇ ಡಬ್ಬಿಯ ಮುಚ್ಚಳ ತೆಗೆದರು. ಹೇಗನ್ನಿಸ್ತಿದೆ ಅಂತ ಕೇಳಿದೆ. ಮೂಗು ಒರೆಸಿಕೊಂಡು, ಮಗಳು ಕಲಿಸಿದ ಒಂದೇ ಕನ್ನಡ ಪದವನ್ನು ಹೇಳಿದರು: “ಪರವಾಗಿಲ್ಲ.”

ಮಗಳು ತಾತನನ್ನು ಅಪ್ಪಿಕೊಂಡು, “ತಾತಾ, ನನ್ನ ಗೋಲ್ ಹೇಗಿತ್ತು?” ಅಂದಳು. ಅವರು ಅಂಪೈರ್‌ಗಳಿಗೆ ಗೋಲು ಗುರುತು ಹಾಕಿಕೊಳ್ಳಲು ಕೊಟ್ಟಿದ್ದ ಚೀಟಿಯನ್ನು ಬಿಳಿ ಕೋಟಿನ ಜೇಬಿನಿಂದ ತೆಗೆದು ಕೊಟ್ಟರು. ಬೇರೆಯವರಾಗಿದ್ದರೆ ಅಲ್ಲಿ ಒಂದು ಗೀಟು ಎಳೆದಿರುತ್ತಿದ್ದರು. ಮಾವನವರು ದುಂಡಗೆ ಬರೆದಿದ್ದರು:

‘ಒಂದು ಗೋಲು. ಎರಡು ನಿಮಿಷ ತಡ. ಕಾರಣ: ಹಳಿಯ ಮೇಲೆ ಮೊಮ್ಮಗಳು.’